ಅಟ್ಟದ ತೊಲೆ, ತಾತನ ಕಾಯಿ

ಇವತ್ತು ಅರಸೀಕೆರೆಯ ಅಂಗಡಿಯಲ್ಲಿ ವ್ಯಾಪಾರಿಯೊಬ್ಬರು ಒಣಗಿದ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗೆ ಕೊಬ್ಬರಿ ಗಡಗಡ ಎಂದಿತು. ನಾನು ಪಕ್ಕದ ಗೋಡೆ ಹಿಡಿದುಕೊಂಡೆ.

ಮಾದಿಹಳ್ಳಿಯ ನಮ್ಮ ಮನೆಯಲ್ಲಿ ಅಟ್ಟದ ತುಂಬ ಕೊಬ್ಬರಿಗೆಂದು ಇಟ್ಟ ಕಾಯಿ. ಒಂದು ವರ್ಷ ಆ ಭಾರಕ್ಕೆ, ಗೆದ್ದಲು ತಿಂದಿದ್ದ ತೊಲೆ ಬಾಗಿತು. ಮರಗೆಲಸದ ಆಚಾರಿ ಅಟ್ಟ ಖಾಲಿ ಮಾಡಿ ಎಂದರು. ತಾತ ಒಪ್ಪಲಿಲ್ಲ.

"ಒಳಗಿನ ನೀರು ಇಂಗೋ ತನಕ ಕಾಯಿ ಅಲುಗಾಡಿಸಬಾರ್ದು ಕಣಯ್ಯ. ಕೊಬ್ಬರಿ ಕೆಡ್ತೈತೆ."

ಕೊನೆಗೆ ತೊಲೆಯ ಮೇಲಿದ್ದ ಕಾಯಿಗಳನ್ನಷ್ಟೇ ಸರಿಸುವುದೆಂದಾಯಿತು. ದೊಡ್ಡವರ ಭಾರ ಅಟ್ಟ ತಡೆಯದೆಂದು, ಆಗಿನ್ನೂ ಚಿಕ್ಕವಳಾಗಿದ್ದ ನನ್ನನ್ನು ಹತ್ತಿಸಿದರು. ಅಮ್ಮ ಬೇಡವೆಂದಳು, ಯಾರೂ ಕೇಳಲಿಲ್ಲ.

ಕೆಳಗೆ ಆಚಾರಿ ತೊಲೆಗೆ ಕಂಬ ಕೊಟ್ಟು, ಅದರಡಿ ಲಾರಿಯ ಜಾಕಿ ಇಟ್ಟು ತಿರುಗಿಸತೊಡಗಿದರು. ನಾನು ಒಂದೊಂದೇ ಕಾಯಿಯನ್ನು ಮೊಟ್ಟೆಯ ಹಾಗೆ ಎತ್ತಿ ಪಕ್ಕಕ್ಕಿಡುತ್ತಿದ್ದೆ. "ಮೆಲ್ಲಗೆ, ಮೆಲ್ಲಗೆ" ಎನ್ನುತ್ತಿದ್ದರು ತಾತ. ಕಾಯಿಯ ಚಿಂತೆ ಅವರಿಗೆ.

ಲಟ್ಟೆಂದು ಸದ್ದಾಯಿತು. ನನ್ನ ಕಾಲಡಿಯ ಹಲಗೆ ಒಂದು ಗೇಣು ಕುಸಿಯಿತು. ಕೈಲಿದ್ದ ಕಾಯಿಯನ್ನು ಎದೆಗೆ ಅವಚಿಕೊಂಡು ನಿಂತುಬಿಟ್ಟೆ. ಬೀಳುವುದಕ್ಕಿಂತ ಅದನ್ನು ಬೀಳಿಸುವ ಭಯವೇ ಹೆಚ್ಚಾಗಿತ್ತು.

"ಬಿಸಾಕೇ ಅದನ್ನ!" ತಾತ ಕಿರುಚಿದರು. "ಎಲ್ಲಾ ಹಾಳಾಗೋಗ್ಲಿ! ಗೋಡೆ ಹಿಡ್ಕೊಳೇ ನನ್ನವ್ವಾ, ಗೋಡೆ ಹಿಡ್ಕೋ!"

ಬಿಸಾಕಿದೆ. ಗೋಡೆ ಹಿಡಿದೆ. ಅಮ್ಮ ಏಣಿ ಹತ್ತಿ ಇಳಿಸಿಕೊಂಡಳು. ನಾನು ಇಳಿದ ಕೂಡಲೇ ತಾತ ಅದೇ ಏಣಿಯ ಮೇಲೆ ನಿಂತು, ಉದ್ದನೆಯ ದೋಟಿಯಿಂದ ತಮ್ಮ ಕಾಯಿಗಳನ್ನೆಲ್ಲ ದಬದಬನೆ ಕೆಳಗುರುಳಿಸಿದರು. ಮರುದಿನ ಆಚಾರಿ ಹಳೆ ತೊಲೆಗೆ ಹೊಸ ಮರ ಜೋಡಿಸಿ ಬೋಲ್ಟು ಬಿಗಿದರು.

"ಯಾಕಮ್ಮಾ, ತಲೆ ಸುತ್ತುತಾ?" ಎಂದರು ವ್ಯಾಪಾರಿ.

"ಇಲ್ಲ," ಎಂದೆ. "ನಮ್ಮ ತಾತ ಹಿಡ್ಕೋ ಅಂದಿದ್ರು."