ಬಲೆಯ ಕೆಳದಾರ

ಶ್ರಾವಣ ಹತ್ತಿರ ಬಂತೆಂದರೆ ನನ್ನ ಮಗಳು ಸುಧಾ ಮನೆಯನ್ನೆಲ್ಲ ತೊಳೆಯಲು ನಿಲ್ಲುತ್ತಾಳೆ. ಇಲ್ಲಿ ನ್ಯೂಜಿಲೆಂಡಿನ ಹಾರ್ನ್‌ಬಿಯಲ್ಲಿ ಆಗ ಕೊರೆಯುವ ಚಳಿ. ನಲ್ಲಿಯ ನೀರು ಮುಟ್ಟಿದರೆ ಮೂಳೆ ನೋಯುತ್ತದೆ. ಆದರೂ ಅವಳ ತಾಯಿ ಮಾಡುತ್ತಿದ್ದ ಹಾಗೆಯೇ ಮಾಡಬೇಕು ಅವಳಿಗೆ. ಮೊನ್ನೆ ಗ್ಯಾರೇಜಿನ ಅಟ್ಟದಿಂದ ಒಂದು ಗೋಣಿಚೀಲ ಇಳಿಸಿ, ಮೂಗು ಮುಚ್ಚಿಕೊಂಡು ಕೂಗಿದಳು: "ಅಪ್ಪಾಜಿ, ಏನಿದು ಈ ಪಾಟಿ ನಾತ! ಬಿಸಾಕ್ಲಾ?"

ಅಗಸೆ ಎಣ್ಣೆ, ಹಸಿ ಮಣ್ಣು, ಮೊಲದ ಮೈ, ಈ ಮೂರೂ ಸೇರಿದ ವಾಸನೆ ಅದು. "ಬೇಡ, ಅಲ್ಲೇ ಇಡು" ಎಂದೆ. ನನ್ನ ದನಿ ನನಗೇ ಗಡುಸಾಗಿ ಕೇಳಿಸಿತು. ಅವಳು ಚೀಲವನ್ನು ನೆಲಕ್ಕೆ ಬಿಟ್ಟು ಒಳಗೆ ಹೋದಳು.

ಚೀಲದಲ್ಲಿದ್ದುದು ಬಲೆ. ನೂರು ಹೆಜ್ಜೆ ಉದ್ದ, ಮೊಣಕಾಲಿಗಿಂತ ತುಸು ಎತ್ತರ. ಚಿತ್ರದುರ್ಗದ ಕಡೆ ಬಸ್ಸು ಓಡಿಸಿಕೊಂಡಿದ್ದು ನಿವೃತ್ತನಾದ ಮುದುಕನಿಗೆ ನ್ಯೂಜಿಲೆಂಡಿನಲ್ಲಿ ಮೊಲದ ಬಲೆ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಹೇಳುತ್ತೇನೆ. ಮೊನ್ನೆಯವರೆಗೆ ಮನೆಯವರಿಗೂ ಹೇಳಿರಲಿಲ್ಲ. ನೀವು ಅಪರಿಚಿತರು, ಹಾಗಾಗಿ ಸುಲಭ.

ಹೆಂಡತಿ ತೀರಿಕೊಂಡ ವರ್ಷ ಸುಧಾ ನನ್ನನ್ನು ಇಲ್ಲಿಗೆ ಕರೆತಂದಳು. ಅವಳು ಆಸ್ಪತ್ರೆಯಲ್ಲಿ ನರ್ಸ್, ಅಳಿಯ ಭೂಕಂಪದಲ್ಲಿ ಬಿದ್ದ ಊರನ್ನು ಮತ್ತೆ ಕಟ್ಟುವ ಕೆಲಸದಲ್ಲಿ. ಹಗಲೆಲ್ಲ ಮನೆಯಲ್ಲಿ ನಾನು ಮತ್ತು ಹೀಟರು. ಬೇಲಿಯಾಚೆಯ ಮನೆಯಲ್ಲಿ ಮರ್ವ್ ಎಂಬ ಮುದುಕನಿದ್ದ. ನನಗಿಂತ ಹತ್ತು ವರ್ಷ ದೊಡ್ಡವನು, ಒಂಟಿ. ಇಲ್ಲಿ ಹೆಸರು ಹಿಡಿದೇ ಕರೆಯುವುದು ರೂಢಿ. ಹಾಗೇ ಕರೆ ಎಂದು ಅವನೂ ಹೇಳಿದ ಮೇಲೆ ನನ್ನ ಮನಸ್ಸಿನಲ್ಲಿ ಅವನು ಏಕವಚನಕ್ಕೆ ಇಳಿದ, ಅಲ್ಲೇ ಉಳಿದ. ಒಂದು ದಿನ ಬೇಲಿಯ ಮೇಲೆ ಬಲೆ ಒಣಹಾಕಿದ್ದ. ಹುಡುಗನಾಗಿದ್ದಾಗ ಯುಗಾದಿಯ ಬೇಟೆಯಲ್ಲಿ ಸೋದರಮಾವನ ಜೊತೆ ಮೊಲದ ಬಲೆ ಹೊತ್ತವನು ನಾನು. ಕೈ ಸುಮ್ಮನಿರಲಿಲ್ಲ, ಹರಿದಿದ್ದ ಒಂದು ಕಣ್ಣನ್ನು ಗಂಟು ಹಾಕಿದೆ. ಮರ್ವ್ ಗಂಟನ್ನು ಎಳೆದು ನೋಡಿದ. "ರಾತ್ರಿ ಏನು ಕೆಲಸ ನಿನಗೆ?" ಎಂದ. ಅವನು ಆಡುತ್ತಿದ್ದುದು ಇಂಗ್ಲಿಷು, ನನ್ನದು ಎಸ್ಸೆಸ್ಸೆಲ್ಸಿಯ ಇಂಗ್ಲಿಷು. ಆದರೆ ಅವನ ಮಾತು ನನ್ನೊಳಗೆ ಕನ್ನಡವಾಗಿಯೇ ಉಳಿದಿದೆ.

ನಮ್ಮೂರ ಬೇಟೆಯೆಂದರೆ ನಾಯಿ, ತಮಟೆ, ಕೇಕೆ. ಇಲ್ಲಿಯದು ಬೇರೆ. ಚಂದ್ರನಿಲ್ಲದ ರಾತ್ರಿ, ಹೊಲದ ಕಡೆಯಿಂದ ನಮ್ಮ ಕಡೆಗೆ ಬೀಸುವ ಗಾಳಿ, ಕೆಮ್ಮಿದರೂ ಕೆಟ್ಟಿತು. ಕಾರ್ಖಾನೆಗಳ ಸಾಲು ದಾಟಿದ ಮೇಲೆ ಒಬ್ಬ ರೈತನ ಟರ್ನಿಪ್ ಹೊಲ. ದನಗಳಿಗೆಂದು ಬೆಳೆದದ್ದನ್ನು ಮೊಲಗಳು ಮೇಯುತ್ತಿದ್ದವು, ಹಿಡಿಯಲು ರೈತನೇ ಮರ್ವ್‌ಗೆ ಹೇಳಿದ್ದ. ಅವುಗಳ ಬಿಲ ಮುಳ್ಳುಬೇಲಿಯ ಬುಡದಲ್ಲಿ. ಬೇಲಿಗೂ ಹೊಲಕ್ಕೂ ನಡುವೆ ಮರ್ವ್ ಬಲೆ ಬಿಟ್ಟುಕೊಂಡು ಮುಂದೆ ಹೋಗುವನು, ನಾನು ಹಿಂದೆ ಕಡ್ಡಿ ನೆಡುತ್ತಾ ಬರುವೆ. ಮೇಲುದಾರ ಬಿಗಿಯಾಗಿರಬೇಕು, ಕೆಳದಾರ ನೆಲದ ಮೇಲೆ ಸಡಿಲವಾಗಿ ಬಿದ್ದಿರಬೇಕು. ಬಿಲಕ್ಕೆ ಓಡುವ ಮೊಲ ಆ ಸಡಿಲಕ್ಕೆ ನುಗ್ಗಿ ಸುತ್ತಿಕೊಳ್ಳುತ್ತದೆ. ಆಮೇಲೆ ನಾನು ಹೊಲವನ್ನು ಸುತ್ತುಹಾಕಿ ಮೊಲಗಳನ್ನು ಎಬ್ಬಿಸಲು ಆ ಕಡೆಯಿಂದ ನೆಲದ ಮೇಲೆ ಹಗ್ಗ ಎಳೆಯುತ್ತಾ ಬರುವುದು, ಮರ್ವ್ ಬಲೆಯ ತುದಿಯಲ್ಲಿ ಮೇಲುದಾರ ಹಿಡಿದು ನಿಲ್ಲುವುದು.

ಅವನ ಕಿವಿ ಹೆಚ್ಚುಕಡಿಮೆ ಹೋಗಿತ್ತು, ಕಣ್ಣೂ ಮಂಜು. ಬಲೆಗೆ ಬಿದ್ದದ್ದು ಮರಿಯೋ, ದೊಡ್ಡದೋ, ಹತ್ತಿರವೋ, ದೂರವೋ ಎಲ್ಲವನ್ನೂ ದಾರದ ಎಳೆತದಿಂದ ಬೆರಳಿನಲ್ಲೇ ತಿಳಿದು ಹೇಳುತ್ತಿದ್ದ. "ಉಳಿದ ಮರ್ವ್ ಎಲ್ಲ ಗುಜರಿಗೆ ಹೋಯ್ತು, ಮೇಟ್. ಇಷ್ಟು ಮಾತ್ರ ಇನ್ನೂ ಓಡ್ತಿದೆ" ಎಂದು ಬಲಗೈ ಬೆರಳು ಆಡಿಸುತ್ತಿದ್ದ. ಆ ಚಳಿಯಲ್ಲೂ ಕೈಗವಸು ಹಾಕಿದವನಲ್ಲ.

ಆ ಎರಡು ಮೂರು ತಿಂಗಳು ನಾನು ಸುಖವಾಗಿದ್ದೆ ಎಂದು ಒಪ್ಪಿಕೊಳ್ಳಬೇಕು. ಒಮ್ಮೆ ಅವನ ಅಡುಗೆಮನೆಯಲ್ಲಿ ಊರಿನ ಖಾರದಪುಡಿ ಹಾಕಿ ಮೊಲದ ಸಾರು ಮಾಡಿದೆ. "ಕಿವಿಯಿಂದ ಹೊಗೆ ಬರ್ತಿದೆ, ಈಗ ಕೇಳಿಸಿದ್ರೂ ಕೇಳಿಸಬಹುದು" ಎನ್ನುತ್ತಾ ಎರಡು ಬಟ್ಟಲು ಉಂಡ. ಮನೆಯಲ್ಲಿ ಮಾತ್ರ, ಮರ್ವ್ ಜೊತೆ ರಗ್ಬಿ ನೋಡುತ್ತಿದ್ದೆ ಎಂದು ಹೇಳುತ್ತಿದ್ದೆ. "ರಗ್ಬಿ ನೋಡ್ದೋರ ಪ್ಯಾಂಟಿಗೆ ಮುಳ್ಳು ಹೆಂಗಪ್ಪಾಜಿ ಹತ್ತುತ್ತೆ?" ಎಂದಳು ಸುಧಾ. ನಾನು ಕೇಳಿಸದವನಂತೆ ಕಾಲು ತೊಳೆಯಲು ಹೋದೆ. ಕಿವುಡನ ಸಹವಾಸದಿಂದ ಆದ ಲಾಭ ಅದೊಂದು.

ಆಮೇಲೆ ಭೀಮನ ಅಮಾವಾಸ್ಯೆ ಬಂತು. ಹೆಂಡತಿ ಇದ್ದಾಗ ಅಂದು ನನ್ನ ಕಾಲು ತೊಳೆದು ಪೂಜೆ ಮಾಡುತ್ತಿದ್ದಳು, ನಾನು ಮುಜುಗರದಿಂದ ಬೆರಳು ಮಡಚಿಕೊಳ್ಳುತ್ತಿದ್ದೆ. ಮಾರನೆಯ ದಿನದಿಂದ ಶ್ರಾವಣ. ಆಸ್ಪತ್ರೆಯಲ್ಲಿ ಕೊನೆಯ ದಿನಗಳಲ್ಲಿ ಅವಳು ನನ್ನಿಂದ ಒಂದೇ ಮಾತು ತೆಗೆದುಕೊಂಡಿದ್ದಳು. "ವರ್ಷವೆಲ್ಲ ನಿಮ್ಮಿಷ್ಟ. ಶ್ರಾವಣ ಒಂದು ನಂಗೆ ಬಿಡ್ರಿ. ಜೀವ ತೆಗೀಬ್ಯಾಡ್ರಿ, ತಿನ್ನಬ್ಯಾಡ್ರಿ."

ಮರ್ವ್‌ಗೆ ಅಮಾವಾಸ್ಯೆಯೆಂದರೆ ಬಲೆ. ವರ್ಷವೆಲ್ಲ ಕಾಯುತ್ತಿದ್ದುದೇ ಆ ಕತ್ತಲ ವಾರಗಳಿಗೆ. ಒಂದು ತಿಂಗಳು ಬರುವುದಿಲ್ಲ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಅವನು ಬೇರೆ ಜೊತೆಗಾರನನ್ನು ಹುಡುಕಿಕೊಂಡರೆ ಈ ದೇಶದಲ್ಲಿ ನನಗೆ ಇನ್ಯಾರಿದ್ದಾರೆ ಎಂಬ ಭಯ. ಮಾತನ್ನೂ ಉಳಿಸಿಕೊಳ್ಳಬೇಕು, ಗೆಳೆಯನನ್ನೂ ಉಳಿಸಿಕೊಳ್ಳಬೇಕು. ಅದಕ್ಕೊಂದು ಉಪಾಯ ಮಾಡಿದೆ. ಕಡ್ಡಿ ನೆಡುವವನು ನಾನೇ ಅಲ್ಲವೇ? ಪ್ರತಿ ಕಡ್ಡಿಗೂ ಕೆಳದಾರವನ್ನು ಒಂದು ಗೇಣು ಮೇಲೆತ್ತಿ ಸುತ್ತಿಬಿಟ್ಟೆ. ಮೊಲಗಳು ಬಲೆಯ ಅಡಿಯಿಂದ ನುಸುಳಿ ಬಿಲ ಸೇರಿದವು. ದೂರದಲ್ಲಿ ಅವುಗಳ ಕಾಲಿನ ಸದ್ದು ಕೇಳಿ ನನಗೆ ಪುಣ್ಯ ಬಂದಂತಾಯಿತು. ನಾಚಿಕೆಯಾಗುತ್ತದೆ, ಆದರೆ ಹಾಗೇ ಅನ್ನಿಸಿತು.

ಒಂದು ರಾತ್ರಿ ಬರಿಬಲೆ. ಇನ್ನೊಂದು ರಾತ್ರಿಯೂ ಬರಿಬಲೆ. ರೈತ ಮರ್ವ್‌ಗೆ ಫೋನು ಮಾಡಿ ಮೊಲ ಹಾಗೇ ಇವೆಯಲ್ಲ ಎಂದನಂತೆ. ಮತ್ತೆ ಹೋದಾಗ, ನಾನು ಹಗ್ಗ ಎಳೆದುಕೊಂಡು ಬಲೆಯ ಹತ್ತಿರ ಬರುವಷ್ಟರಲ್ಲಿ ಮರ್ವ್ ಟಾರ್ಚು ತೆಗೆದಿದ್ದ.

"ಓಡಿದ್ದು ಕೇಳಿಸ್ತಾ ನಿನಗೆ?"

"ಕೇಳಿಸ್ತು."

"ಹಾಗಾದ್ರೆ ಬಲೆ ಕಟ್ಟಿದ್ದರಲ್ಲೇ ಏನೋ ತಪ್ಪಾಗಿದೆ. ಇರು, ಕಡ್ಡಿ ನೋಡ್ಕೊಂಡು ಬರ್ತೀನಿ."

ಅವನು ಎರಡು ಹೆಜ್ಜೆ ಇಟ್ಟ. ಇನ್ನೊಂದು ಹೆಜ್ಜೆಗೆ ಟಾರ್ಚಿನ ಬೆಳಕು ಕೆಳದಾರದ ಮೇಲೆ ಬೀಳುತ್ತಿತ್ತು. ಅವನನ್ನು ನಿಲ್ಲಿಸಬೇಕಿತ್ತು. ಬಾಯಿಗೆ ಬಂದದ್ದನ್ನು ಅವನ ಕಿವಿಯ ಹತ್ತಿರ ಕೂಗಿದೆ: "ಬಲೆ ಸರಿಯಾಗೇ ಇದೆ ಮರ್ವ್. ಎರಡು ಬಿದ್ದು ಒದ್ದಾಡಿ ತಪ್ಪಿಸ್ಕೊಂಡವು. ನಿನಗೆ ಗೊತ್ತಾಗ್ಲಿಲ್ವಾ?"

ಅವನು ನಿಂತ. ಟಾರ್ಚನ್ನು ನಿಧಾನವಾಗಿ ತನ್ನ ಬಲಗೈಗೆ ತಿರುಗಿಸಿದ. ಯಾರೋ ಬಿಟ್ಟುಹೋದ ವಸ್ತುವನ್ನು ನೋಡುವಂತೆ ಬೆರಳುಗಳನ್ನು ನೋಡಿದ.

"ಇಲ್ಲ, ಮೇಟ್" ಎಂದ. "ಏನೂ ಗೊತ್ತಾಗ್ಲಿಲ್ಲ."

ನಿಜ ಹೇಳಲು ಆ ರಾತ್ರಿಯೆಲ್ಲ ಸಮಯವಿತ್ತು. ವಾಪಸು ಬರುವಾಗ ಅವನ ಯೂಟಿನಲ್ಲಿ, ಆ ಹಳೆಯ ತೊಟ್ಟಿಗಾಡಿಯಲ್ಲಿ, ನಾವಿಬ್ಬರೇ ಇದ್ದೆವು. ಅವನು ಸ್ಟೇರಿಂಗನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದಿದ್ದ. ಹಿಂದೆಂದೂ ಹಾಗೆ ಹಿಡಿದವನಲ್ಲ. ಬಸ್ಸು ಓಡಿಸಿದ ನನಗೆ ಆ ಹಿಡಿತ ಅರ್ಥವಾಗುತ್ತದೆ. ಆದರೂ ಕಿಟಕಿಯ ಕಡೆ ನೋಡುತ್ತಾ ಕೂತೆ.

ಮುಂದಿನ ವಾರ ಅವನು ಈ ಗೋಣಿಚೀಲವನ್ನು ಬೇಲಿಯ ಮೇಲಿಂದ ದಾಟಿಸಿದ. "ನೀನಿಟ್ಟುಕೋ" ಎಂದ. ಯೂಟನ್ನೂ ಮಾರಿದ. ಬಲೆ ತಿಳಿಯದ ಕೈಗೆ ರಸ್ತೆ ಏನು ತಿಳಿದೀತು ಎಂದನಂತೆ ದೂರದ ಊರಿನಲ್ಲಿದ್ದ ತನ್ನ ಮಗನಿಗೆ. ಗಾಡಿ ಹೋದ ಮೇಲೆ ಮನೆ ಹೋಯಿತು. ಬೇಸಿಗೆಯ ಹೊತ್ತಿಗೆ ಮರ್ವ್ ವೃದ್ಧಾಶ್ರಮದಲ್ಲಿದ್ದ. ಚಹಾ ಲೋಟವನ್ನು ಎರಡು ಕೈಯಲ್ಲಿ ಹಿಡಿದು ಕುಡಿಯುತ್ತಿದ್ದ.

ಅದನ್ನು ನೋಡಿದ ದಿನ ತಡೆಯಲಾಗಲಿಲ್ಲ. ಕೆಳದಾರ, ಶ್ರಾವಣ, ಹೆಂಡತಿಗೆ ಕೊಟ್ಟ ಮಾತು ಎಲ್ಲವನ್ನೂ ನನ್ನ ಮುರುಕು ಇಂಗ್ಲಿಷಿನಲ್ಲಿ ಹೇಳಿದೆ. ಅವನಿಗೆ ಕೇಳಿಸಬೇಕಲ್ಲ, ಕೂಗಿ ಹೇಳಬೇಕಾಯಿತು. ಪಕ್ಕದ ಕುರ್ಚಿಗಳ ಮುದುಕರೆಲ್ಲ ತಿರುಗಿ ನೋಡಿದರು. ಮರ್ವ್ ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಚಹಾ ಲೋಟ ಕೆಳಗಿಟ್ಟು, "ಹೇಳೋದಲ್ವಾ ಮೇಟ್" ಎಂದ. "ಒಂದು ತಿಂಗಳು ತಾನೇ, ಕಾಯ್ತಿದ್ದೆ. ಮೊಲ ಎಲ್ಲಿಗೆ ಹೋಗ್ತಿದ್ವು?"

ಮಾರನೆಯ ದಿನ ಬಲೆ ತೆಗೆದುಕೊಂಡು ಹೋದೆ. ಅವನು ಕಂಬಳಿಯ ಮೇಲೆ ಅದನ್ನು ಹರಡಿಕೊಂಡು, ಕಣ್ಣು ಮುಚ್ಚಿ, ದಾರದುದ್ದಕ್ಕೂ ಬೆರಳು ಓಡಿಸುತ್ತಾ ಹೋದ. ಒಂದು ಕಡೆ ನಿಲ್ಲಿಸಿದ.

"ಇಲ್ಲೊಂದು ತೂತಿದೆ."

ಇತ್ತು. ಒಂದೇ ಒಂದು ಕಣ್ಣು ಹರಿದಿತ್ತು. ಅವನ ಬೆರಳಿಗೆ ಏನೂ ಆಗಿರಲಿಲ್ಲ. ಅದು ನಮ್ಮಿಬ್ಬರಿಗೂ ಗೊತ್ತಾಯಿತು. ಆಗಲೇ ಅವನ ಸೊಂಟ ಸೋತಿತ್ತು, ಹೊಲದ ದಾರಿ ಮುಗಿದಿತ್ತು. ಮುಂದಿನ ಶ್ರಾವಣದ ಹೊತ್ತಿಗೆ ಮರ್ವ್ ಇರಲಿಲ್ಲ.

ಆ ತೂತನ್ನು ನಾನು ಹೊಲಿಯದೆ ಹಾಗೇ ಬಿಟ್ಟಿದ್ದೆ. ಮೊನ್ನೆ ಸುಧಾ ಒಳಗೆ ಹೋದ ಮೇಲೆ, ಇವತ್ತಾದರೂ ಗಂಟು ಹಾಕೋಣವೆಂದು ಗ್ಯಾರೇಜಿನ ನೆಲದ ಮೇಲೆ ಕೂತೆ. ಅವನಂತೆಯೇ ಕಣ್ಣು ಮುಚ್ಚಿ ಬೆರಳು ಓಡಿಸಿದೆ. ಸಕ್ಕರೆ ಕಾಯಿಲೆ ಬಂದಾಗಿನಿಂದ ನನ್ನ ಬೆರಳ ತುದಿ ಜೋಮು ಹಿಡಿದಂತಿರುತ್ತದೆ. ಒಂದು ತುದಿಯಿಂದ ಇನ್ನೊಂದು ತುದಿಗೆ ಹೋದೆ, ಸಿಗಲಿಲ್ಲ. ಮತ್ತೆ ವಾಪಸು ಬಂದೆ, ಸಿಗಲಿಲ್ಲ.

"ಅಪ್ಪಾಜಿ, ಚಳೀಲಿ ಏನು ಮಾಡ್ತಿದೀರಿ? ಒಳಗೆ ಬನ್ನಿ" ಎಂದಳು ಸುಧಾ ಬಾಗಿಲಲ್ಲಿ ನಿಂತು.

"ನೀನೇ ಬಾರಮ್ಮ ಇಲ್ಲಿ" ಎಂದೆ. "ನಾನು ರಗ್ಬಿ ನೋಡೋಕೆ ಹೋಗ್ತಿರಲಿಲ್ಲ. ಕೂತ್ಕೋ, ಹೇಳ್ತೀನಿ."

ಅವಳು ಬಂದು ಕೂತಳು. ನಾನು ಕಣ್ಣು ಬಿಟ್ಟೆ. ತೂತು ನನ್ನ ಬೆರಳ ಕೆಳಗೇ ಇತ್ತು.