ಟೀವಿಯ ಬೆನ್ನು ನೋಡುತ್ತಿದ್ದವರು

ಅವರ ಅಂಗಿಯ ಜೇಬಿನ ತಳ ಯಾವಾಗಲೂ ಹರಿದಿರುತ್ತಿತ್ತು. ಟೆಸ್ಟರಿನ ಮೊನೆ ಅಲ್ಲಿಂದ ಹೊರಗೆ ಇಣುಕಿ, ಬಗ್ಗಿದಾಗಲೆಲ್ಲ ಎದೆಗೆ ಚುಚ್ಚುತ್ತಿತ್ತು. ಕೇಣಿಚಿರ ಪೇಟೆಯಲ್ಲಿ ಅವರದು ಟೀವಿ, ರೇಡಿಯೋ ರಿಪೇರಿಯ ಅಂಗಡಿ. ದರ್ಜಿಯ ಮಗಳಾದ ನನಗೆ ಆ ಜೇಬು ಕಂಡರೆ ಕೈ ತುರಿಸುತ್ತಿತ್ತು.

ಆ ವರ್ಷ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅಪ್ಪನಿಗೆ ಲಕ್ವ ಹೊಡೆದು ಬಲಗೈಯ ಬೆರಳುಗಳು ಮರಗಟ್ಟಿದ್ದವು. ಬೆರಳು ಆಡಿಸುತ್ತಲೇ ಇರಬೇಕು ಎಂದು ಡಾಕ್ಟರು ಕೊಟ್ಟಿದ್ದ ರಬ್ಬರ್ ಚೆಂಡನ್ನು ಅಪ್ಪ ಎರಡೇ ದಿನಕ್ಕೆ ಮೂಲೆಗೆಸೆದರು. ಹೊಲಿಗೆ ಮೆಷಿನ್ ಬಟ್ಟೆ ಹೊದ್ದು ನಿಂತಿತ್ತು. ಅಷ್ಟರಲ್ಲಿ ಗಲ್ಫಿನಿಂದ ಬಂದ ಭಾವ ಟೀವಿ ಆಟದ ಪೆಟ್ಟಿಗೆಯೊಂದನ್ನು ಕೊಟ್ಟರು. ಗುಂಡಿ ಒತ್ತಿದರೆ ಪರದೆಯ ಮೇಲೆ ಕಾರು ಓಡುತ್ತದಂತೆ. ಇದಾದರೆ ಅಪ್ಪ ಬೆರಳು ಆಡಿಸಿಯಾರು ಎಂದು ಆಸೆಯಾಯಿತು. ಆದರೆ ಅದನ್ನು ಟೀವಿಗೆ ಜೋಡಿಸುವ ವಯರ್ ದಾರಿಯಲ್ಲೆಲ್ಲೋ ಕಳೆದುಹೋಗಿತ್ತು.

ಅಂಗಡಿಗೆ ಓಡಿದೆ. ಅವರು ವಯರ್ ಕೊಡಲೊಲ್ಲರು. ಮೊದಲು ಟೀವಿಯ ಹಿಂಬದಿಯ ಚಿತ್ರ ಬರೆದು ತರಬೇಕು, ಅದು ಅಲ್ಲಿಯ ಕಟ್ಟಳೆ. "ಮುಖ ಎಲ್ಲ ಟೀವಿದೂ ಒಂದೇ ಮೋಳೇ. ಬೆನ್ನು ನೋಡ್ಬೇಕು" ಎಂದರು. ಊರಿನ ಹೆಣ್ಣುಮಕ್ಕಳೆಲ್ಲ ಅವರಿಗೆ ಮೋಳೇ, ಮಗಳು. ನನಗೆ ಚಿತ್ರ ಬರೆಯುವ ವ್ಯವಧಾನ ಎಲ್ಲಿತ್ತು? ಬಸ್ಸು ಹತ್ತಿ ಮಾನಂದವಾಡಿಗೆ ಹೋಗಿ, ಪೆಟ್ಟಿಗೆಯ ಹಳದಿ ತೂತಿಗೆ ಹೊಂದುವ ಹಳದಿ ಮೂತಿಯ ವಯರ್ ತಂದೆ. ಒಂದು ತುದಿ ಸರಿಯಾಗಿ ಕೂತಿತು. ಇನ್ನೊಂದು ತುದಿ ಹಿಡಿದು ಟೀವಿಯ ಹಿಂದೆ ಬಗ್ಗಿದರೆ ಅಲ್ಲಿ ಹಳದಿ ತೂತೇ ಇಲ್ಲ, ಇದ್ದದ್ದು ಆಂಟೆನಾದ್ದೊಂದೇ. ಮಂಚದಿಂದ ನೋಡುತ್ತಿದ್ದ ಅಪ್ಪ ಗೋಡೆಯ ಕಡೆ ಮಗ್ಗುಲಾದರು.

ಮರುದಿನ ಸಂಜೆ ತಲೆ ತಗ್ಗಿಸಿ ಅದೇ ಅಂಗಡಿಗೆ ಹೋದೆ. ಅವರು ಆಗಲೇ ಬಾಗಿಲು ಹಾಕುತ್ತಿದ್ದರು. ಜೈನರು, ಹೊತ್ತು ಮುಳುಗುವ ಮೊದಲು ಉಂಡುಬಿಡಬೇಕು, ಆಮೇಲೆ ಬೆಳಗಿನ ತನಕ ಏನೂ ಮುಟ್ಟರು. ಅದು ಗೊತ್ತಿದ್ದೂ ನಾನು ಟೀವಿಯ ಹಿಂದೆ ಆಂಟೆನಾ ತೂತೊಂದೇ ಇರುವುದನ್ನೂ ಅಪ್ಪನ ಕೈಯ ಕತೆಯನ್ನೂ ಹೇಳಿದೆ. ಅವರು ಒಂದು ಗಳಿಗೆ ಆಕಾಶ ನೋಡಿ, ಆಂಟೆನಾ ವಯರನ್ನು ಹೆಗಲಿಗೆ ಹಾಕಿಕೊಂಡು ನನ್ನ ಜೊತೆ ನಡೆದೇಬಿಟ್ಟರು.

ವಯರ್ ಸಿಕ್ಕಿಸಿದ ಮೇಲೂ ಪರದೆಯ ತುಂಬ ಬರೀ ಚುಕ್ಕೆ. ಚಾನೆಲ್ಲಿನ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತ ಕೂತರು. ನಾನು ಕಿಟಕಿಗೂ ಟೀವಿಗೂ ಓಡಾಡುತ್ತಿದ್ದೆ. ಹೊರಗೆ ಕಾಫಿ ಗಿಡಗಳ ಮೇಲಿನ ಬೆಳಕು ಹೋದ ಮೇಲೆ ಪರದೆಗೆ ಕಾರು ಬಂತು. ಅಪ್ಪನ ಹೆಬ್ಬೆರಳನ್ನು ತಾವೇ ಹಿಡಿದು ಗುಂಡಿಯ ಮೇಲಿಟ್ಟರು. ಕಾರು ಹೋಗಿ ಗೋಡೆಗೆ ಗುದ್ದಿತು. ಅಪ್ಪ ನಕ್ಕರು, ಎಷ್ಟೋ ತಿಂಗಳ ಮೇಲೆ.

ಅಮ್ಮ ಬಡಿಸಿದ ತಟ್ಟೆಗೆ ಅವರು ಕೈಮುಗಿದರು. ನನಗೆ ನಾಚಿಕೆಯಾಗಿ ಏನೋ ಹೇಳಹೊರಟರೆ, "ಪರವಾಗಿಲ್ಲ ಮೋಳೇ, ನಾನು ನಾಳೆ ಉಂಡ್ರೂ ಆಯ್ತು. ಅಪ್ಪನ ಈ ಕೈಗೆ ನಾಳೆ ಅನ್ನೂಕಾಗ್ತದಾ?" ಎಂದು ಚಪ್ಪಲಿ ಮೆಟ್ಟಿದರು.

ಮುಂದಿನ ಮಳೆಗಾಲದ ಹೊತ್ತಿಗೆ ಅಪ್ಪನ ಬೆರಳು ಸೂಜಿ ಹಿಡಿಯಿತು. ಮೊದಲು ಹೊಲಿದದ್ದು ಆ ಜೇಬಿನ ತಳವನ್ನು. ಹೊಲಿಗೆ ಅಂಕುಡೊಂಕಾಗಿತ್ತು. ಬಿಚ್ಚಿ ಸರಿಮಾಡುತ್ತೇನೆ ಎಂದು ನಾನು ಎಷ್ಟು ಸಲ ಕೇಳಿದರೂ ಅವರು ಅಂಗಿ ಕೊಡಲಿಲ್ಲ.

ಅವರು ತೀರಿಹೋದ ಮೇಲೆ ಒಂದು ಸಂಜೆ ಅವರ ಮನೆಗೆ ಹೋಗಿದ್ದೆ. ಅಂಗಿ ಗೂಟದಲ್ಲಿತ್ತು, ಟೆಸ್ಟರು ಜೇಬಿನಲ್ಲೇ ಇತ್ತು, ತಳ ಗಟ್ಟಿಯಾಗಿತ್ತು. ಅವರ ಹೆಂಡತಿ ಬಾಗಿಲಿನಿಂದ ಬಿಸಿಲು ನೋಡಿ, "ಹೊತ್ತು ಮುಳುಗ್ತದೆ, ಉಂಡು ಹೋಗು" ಎಂದು ಎಲೆ ಹಾಕಿದರು. ನಮ್ಮ ಮನೆಯಿಂದ ಅವರು ಹಸಿದು ಹೋದ ಸಂಜೆ ನೆನಪಾಗಿ, ಹೊತ್ತು ಮುಳುಗುವ ಮೊದಲು ಎಲೆಯಲ್ಲಿದ್ದದ್ದನ್ನೆಲ್ಲ ಉಂಡೆ.