ಭಟ್ಟಿಯ ಬೆನ್ನಿನ ಗೋಡೆ

ನಮ್ಮೂರು ಶಿವನಿಯಲ್ಲಿ ಬ್ರೆಡ್ಡನ್ನು ಹಳೇ ಪೇಪರಿನಲ್ಲಿ ಸುತ್ತಿ, ಕೈ ಸುಡುವಷ್ಟು ಬಿಸಿಯಾಗಿ ಕೊಡುತ್ತಿದ್ದ ಕಾಲ ಅದು. ಸ್ಟೇಷನ್ ರಸ್ತೆಯ ರುದ್ರಣ್ಣನ ಬೇಕರಿಗೆ ಬೋರ್ಡೇ ಇರಲಿಲ್ಲ. ಯಾಕೆ ಬೇಕು, ಮೂಗಿತ್ತಲ್ಲ! ಮಂಗಳೂರು ಹೆಂಚಿನ ತಗ್ಗು ಕಟ್ಟಡ, ಮಣ್ಣಿನ ದಪ್ಪ ಗೋಡೆ, ಒಳಗೆ ಸೌದೆಯ ದೊಡ್ಡ ಭಟ್ಟಿ. ಮೊದಲು ಭಟ್ಟಿ ಕಟ್ಟಿ, ಆಮೇಲೆ ಅದರ ಸುತ್ತ ಕಟ್ಟಡ ಎಬ್ಬಿಸಿದ್ದರಂತೆ. ಅದೇ ಕಟ್ಟಡದ ಹಿಂದಿನ ಎರಡು ಕೋಣೆಗಳಲ್ಲಿ ನಾವು ಬಾಡಿಗೆಗಿದ್ದೆವು.

ಭಟ್ಟಿಯ ಬೆನ್ನೇ ನಮ್ಮ ಒಳಕೋಣೆಯ ಗೋಡೆ. ಸದಾ ಬೆಚ್ಚಗೆ. ಮಳೆಗಾಲ ಬಂತೆಂದರೆ ಬೀದಿಯ ಬಾಣಂತಿಯರ ಮನೆಯ ಕೂಸಿನ ಬಟ್ಟೆಗಳೆಲ್ಲ ಒಣಗಲು ನಮ್ಮ ಮನೆಗೇ ಬರುತ್ತಿದ್ದವು. ಬೇಡ ಅನ್ನುವ ಹಾಗಿಲ್ಲ. ಹೊಸ ಬನ್ನಿನ ವಾಸನೆಯ ಜೊತೆ ಆ ಬಟ್ಟೆಗಳ ವಾಸನೆಯನ್ನೂ ಕುಡಿದು ಬೆಳೆದವಳು ನಾನು.

ನಾನು ಎರಡನೇ ಕ್ಲಾಸಿನಲ್ಲಿದ್ದಾಗ, ಆಷಾಢದ ಜಡಿಮಳೆಯಲ್ಲಿ ತಮ್ಮ ಮಂಜ ತಿಂಗಳು ತುಂಬುವ ಮೊದಲೇ ಹುಟ್ಟಿಬಿಟ್ಟ. ಅಂಗೈಯಗಲ ಇದ್ದ. ಅಳಲೂ ಶಕ್ತಿಯಿಲ್ಲ. ಗಾಜಿನ ಪೆಟ್ಟಿಗೆಯಲ್ಲಿಡಬೇಕು, ಅದು ಇಲ್ಲಿಲ್ಲ, ಬೆಚ್ಚಗೆ ಇಟ್ಟುಕೊಳ್ಳಿ ಎಂದು ಆಸ್ಪತ್ರೆಯವರು ಕೈಚೆಲ್ಲಿದರು. ಅಜ್ಜಿ ಅವನನ್ನು ಹತ್ತಿಯಲ್ಲಿ ಸುತ್ತಿ, ಮೊರದಲ್ಲಿ ಮಲಗಿಸಿ, ಮೊರವನ್ನು ಆ ಗೋಡೆಗೆ ತಾಗಿಸಿಟ್ಟಳು. ನನಗೊಂದು ಕೆಲಸ ಹಚ್ಚಿದಳು.

"ಆಗಾಗ ಗೋಡೆ ಮುಟ್ಟಿ ನೋಡ್ತಿರೇ. ತಣ್ಣಗಾದ್ರೆ ರುದ್ರಣ್ಣಂಗೆ ಹೇಳು."

ಹೇಳಿದರೆ ರುದ್ರಣ್ಣ ಎರಡು ಕೊರಡು ತಳ್ಳಿ, ನನ್ನ ಕೈಗೊಂದು ಬೆಣ್ಣೆ ಬಿಸ್ಕತ್ತು ಇಡುತ್ತಿದ್ದ. ಬಿಸ್ಕತ್ತಿನ ಆಸೆಗೆ ಗೋಡೆ ಬಿಸಿ ಇದ್ದಾಗಲೂ ಹೋಗಿ ಬೈಸಿಕೊಂಡದ್ದುಂಟು.

ಹೀಗಿರುವಾಗ ರುದ್ರಣ್ಣನ ಅಪ್ಪ ತೀರಿಕೊಂಡರು. ಅವರ ಸಂಸಾರ ಇದ್ದದ್ದೂ ಬೇಕರಿಯಲ್ಲೇ. ಸಾವಾದ ಮನೆಯಲ್ಲಿ ಹೆಣ ಎತ್ತುವ ತನಕ ಒಲೆ ಹಚ್ಚುವುದಿಲ್ಲ, ಭಟ್ಟಿಯನ್ನಂತೂ ಕೇಳುವುದೇ ಬೇಡ. ಅಜ್ಜಂಪುರದ ನೆಂಟರು ಬರುವುದು ತಡವಾಗಿ ಮಣ್ಣು ಮಾಡುವುದೂ ತಡವಾಯಿತು. ಮಧ್ಯಾಹ್ನದ ಹೊತ್ತಿಗೆ ಗೋಡೆಯ ಕಾವು ಇಳಿಯತೊಡಗಿತು. ಅಜ್ಜಿ ಮುಟ್ಟಿ ನೋಡಿದಳು, ಆದರೆ ಹೋಗಿ ಹೇಳು ಅನ್ನಲಿಲ್ಲ. ಹೆಣ ಇಟ್ಟುಕೊಂಡವರನ್ನು ಏನೆಂದು ಕೇಳುವುದು? ಅಮ್ಮ ಕೂಸನ್ನು ಎದೆಗವಚಿಕೊಂಡು ಅಳುತ್ತಿದ್ದಳು. ಕೂಸಿನ ತುಟಿ ನೀಲಿಯಾಗುತ್ತಿತ್ತು.

ಯಾರೂ ಹೇಳದಿದ್ದರೂ ನಾನು ಹೋಗಿ ಬೇಕರಿ ಬಾಗಿಲಲ್ಲಿ ನಿಂತೆ. ಒಳಗೆಲ್ಲ ಅಳು. ರುದ್ರಣ್ಣನೇ ನನ್ನನ್ನು ನೋಡಿ ಎದ್ದು ಬಂದ.

"ಏನವ್ವಾ, ಗೋಡೆ ತಣ್ಣಗಾಯ್ತಾ?"

ತಲೆಯಾಡಿಸಿದೆ. ಅವನು ಸೀದಾ ಹೋಗಿ ಭಟ್ಟಿಗೆ ಸೌದೆ ತುಂಬಿದ. ಹಿರಿಯರು ರೇಗಿದರು, ಒಬ್ಬರು ಕೈ ಹಿಡಿದೆಳೆದರು.

"ನಾನೇನು ಬ್ರೆಡ್ ಬೇಯಿಸ್ತಿಲ್ಲ ಕಣ್ರಪ್ಪಾ. ಆಚೆ ಕಡೆ ಕೂಸು ಮಲಗೈತೆ. ನಮ್ಮಪ್ಪ ಏನೂ ಅನ್ಕಳಲ್ಲ ಬಿಡಿ," ಅಂದ.

ಅಪ್ಪನ ಹೆಣ ಮುಂದಿಟ್ಟುಕೊಂಡು, ಹಿಟ್ಟೇ ಇಲ್ಲದ ಭಟ್ಟಿ ಉರಿಸಿದ ಪುಣ್ಯಾತ್ಮ ಅವನು.

ಮಂಜ ಬದುಕಿದ. ಬದುಕಿದ್ದೇನು, ಬಾಗಿಲಲ್ಲಿ ಬಗ್ಗಿ ಬರುವಷ್ಟು ಬೆಳೆದ. ರುದ್ರಣ್ಣ ಹೋದ ಮೇಲೆ ಅವನ ಮಕ್ಕಳು ಭಟ್ಟಿ ಆರಿಸಿ, ಕಡೂರಿನಿಂದ ವ್ಯಾನಿನಲ್ಲಿ ಬರುವ ಬ್ರೆಡ್ಡು ಮಾರಿದರು. ತಿಂದರೆ ಹಲ್ಲಿಗೆ ಅಂಟುತ್ತದೆ, ಬಾಯಿಗೆ ರುಚಿಯಿಲ್ಲ. ಈಗ ರಸ್ತೆ ಅಗಲವಾಗುತ್ತಿದೆ, ಕಟ್ಟಡ ಹೋಗಲೇಬೇಕಿತ್ತು. ಒಡೆಯಬೇಡಿ ಎಂದು ನಾನೂ ಮಂಜನೂ ಕಂಡಕಂಡವರನ್ನೆಲ್ಲ ಕೇಳಿ ಬಂದೆವು. ನಾವೇನು ಮಾಲೀಕರೇ? ಬಾಡಿಗೆಗಿದ್ದವರ ಮಾತಿಗೆ ಯಾವ ಕಿಮ್ಮತ್ತು? ರುದ್ರಣ್ಣನ ಮಕ್ಕಳಿಗೆ ಪರಿಹಾರ ಸಿಕ್ಕಿದೆ, ಅವರನ್ನು ಬೈಯಲೂ ನನಗೆ ಹಕ್ಕಿಲ್ಲ.

ಮೊನ್ನೆ ಒಡೆಯುವ ದಿನ ಒಳಕೋಣೆಗೆ ಹೋದೆವು. ಹೆಂಚು ಇಳಿಸಿಯಾಗಿತ್ತು. ನನ್ನ ಕೈ ತಾನಾಗಿಯೇ ಗೋಡೆಗೆ ಹೋಯಿತು.

"ತಣ್ಣಗಾಗೈತೆ ಕಣೋ," ಅಂದೆ.

ಓಡಿ ಹೋಗಿ ಹೇಳೋಣವೆಂದರೆ ಈಗ ಯಾರಿದ್ದಾರೆ?

ಮಂಜ ಆ ಗೋಡೆಗೆ ಬೆನ್ನು ಕೊಟ್ಟು ನಿಂತ. ಹೊರಗಿನಿಂದ ಜೆಸಿಬಿಯವನು ಪಾಪ, ಎರಡು ಸಲ ಹಾರ್ನ್ ಹೊಡೆದು ಕಾದ. ಮೂರನೇ ಸಲ ಹೊಡೆದಾಗ ನಾನೇ ತಮ್ಮನ ಕೈ ಹಿಡಿದು ಆಚೆ ಕರೆದುಕೊಂಡು ಬಂದೆ.